ಕ್ಲೌಡ್‌ನವರನ್ನು ನಂಬುವ ಮುನ್ನ

ಸೌಹಾರ್ದ ಸಹಕಾರಿಗಳು, ನಗರ ಸಹಕಾರಿ ಬ್ಯಾಂಕುಗಳು, ಐವತ್ತು ನೂರು ಹಾಸಿಗೆಯ ಆಸ್ಪತ್ರೆಗಳು, ಟ್ರಸ್ಟ್ ನಡೆಸುವ ಕಾಲೇಜುಗಳು ತಮ್ಮ ಲೆಕ್ಕಪತ್ರ, ದಾಖಲೆಗಳನ್ನು ಕ್ಲೌಡ್‌ಗೆ ಒಯ್ಯುವ ಮೊದಲು ಎದುರಿನ ಕಂಪನಿಯನ್ನು ಪರಿಶೀಲಿಸಿಕೊಡುವುದು ನನ್ನ ಕೆಲಸ. ದೊಡ್ಡ ಬ್ಯಾಂಕುಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ, ವಕೀಲರಿದ್ದಾರೆ. ಸಣ್ಣ ಸಂಸ್ಥೆಗಳಲ್ಲಿ ಈ ತೀರ್ಮಾನ ಒಬ್ಬ ಕಾರ್ಯದರ್ಶಿಯ ತಲೆ ಮೇಲೆ, ಹೆಚ್ಚೆಂದರೆ ಕಂಪ್ಯೂಟರ್ ಗೊತ್ತಿರುವ ಒಬ್ಬ ನಿರ್ದೇಶಕರ ತಲೆ ಮೇಲೆ ಬಂದು ಕೂರುತ್ತದೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು 'ಕ್ಲೌಡ್ ಸೇಫಾ?' ಅಂತ. ಹಾಗೆ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ನಮ್ಮ ಯಾವ ವಸ್ತು ಯಾರ ಕೈಯಲ್ಲಿದೆ, ಅವರು ಕೈಬಿಟ್ಟರೆ ನಮಗೆ ಏನು ಉಳಿಯುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

1. ಬ್ರೋಷರಿನ ಮೇಲಿನ ಹೆಸರು ಒಂದು, ಒಳಗಿರುವವರು ಹಲವರು

"ಸಾರ್, ಚಿಂತೆನೇ ಬೇಡ, ನಮ್ದೆಲ್ಲಾ ಎಡಬ್ಲ್ಯೂಎಸ್‌ನಲ್ಲೇ ಇರೋದು" ಎಂದು ಸಾಫ್ಟ್‌ವೇರ್ ಕಂಪನಿಯವರು ಹೇಳಿದ ಕೂಡಲೇ ಆಡಳಿತ ಮಂಡಳಿ ಸಭೆ ನಿರಾಳವಾಗುತ್ತದೆ. ಎಡಬ್ಲ್ಯೂಎಸ್ ಅಂದರೆ ಅಮೆಜಾನ್‌ನ ಕ್ಲೌಡ್. ಅದರ ಡೇಟಾ ಸೆಂಟರಿಗೆ ಯಾರೂ ಗೋಡೆ ಹಾರಿ ನುಗ್ಗುವುದಿಲ್ಲ, ನಿಜ. ಆದರೆ ನೀವು ಕರಾರು ಮಾಡಿಕೊಳ್ಳುತ್ತಿರುವುದು ಅಮೆಜಾನ್ ಜತೆ ಅಲ್ಲವಲ್ಲ. ಪಿಗ್ಮಿ ಸಂಗ್ರಹದ ಆ್ಯಪ್ ಒಂದನ್ನೇ ತೆಗೆದುಕೊಳ್ಳಿ. ಏಜೆಂಟರ ಮೊಬೈಲಿನಿಂದ ಹೊರಟ ಮಾಹಿತಿ ಆ್ಯಪ್ ಮಾಡಿದ ಕಂಪನಿಯ ಸರ್ವರಿಗೆ ಹೋಗುತ್ತದೆ. ಆ ಸರ್ವರನ್ನು ಅವರಿಗೆ ಬಾಡಿಗೆಗೆ ಕೊಟ್ಟವರು ಇನ್ನೊಬ್ಬರು. ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವವರು ಮತ್ತೊಬ್ಬರು. ಹೆಸರು, ಮೊಬೈಲ್ ನಂಬರು, ಬ್ಯಾಲೆನ್ಸು ಅವರ ಬಳಿಯೂ ಇರುತ್ತದೆ. ತೊಂದರೆ ಬಂದಾಗ ದೂರದಿಂದಲೇ ಸರಿಮಾಡುವ ಸಪೋರ್ಟ್ ಹುಡುಗರು ಬೇರೆ ಊರಿನ ಬೇರೆ ಕಂಪನಿಯವರು. ನಿಮ್ಮ ಡೇಟಾಬೇಸಿನ ಪಾಸ್‌ವರ್ಡ್ ಅವರ ಲ್ಯಾಪ್‌ಟಾಪಿನಲ್ಲಿರುತ್ತದೆ.

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೈಕೊಟ್ಟದ್ದು ನೆನಪಿರಬಹುದು. ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿಯಾಗಿತ್ತು. ಸೋಂಕು ಹಬ್ಬದಿರಲೆಂದು, ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯ ಸಂಪರ್ಕವನ್ನೇ ಕಡಿದುಹಾಕಿತು. ಮಾರನೆಯ ದಿನ ಸೇವೆ ಮರಳಿತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಸಿ-ಎಡ್ಜ್ ಹಿಂದಿರುವುದು ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್. ಅವಕ್ಕಿಂತ ದೊಡ್ಡ ಹೆಸರು ಸಣ್ಣ ಬ್ಯಾಂಕಿಗೆ ಎಲ್ಲಿ ಸಿಗಬೇಕು? ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್‌ನ ವಿಶ್ಲೇಷಣೆ ಪ್ರಕಾರ ದಾಳಿಕೋರರು ಒಳಬಂದದ್ದು ಸಿ-ಎಡ್ಜ್ ಜತೆ ಕೆಲಸ ಮಾಡುತ್ತಿದ್ದ ಮತ್ತೊಂದು ಕಂಪನಿಯ ಒಂದು ಸರ್ವರಿನಿಂದ, ಅದರ ಸೆಟ್ಟಿಂಗ್ ಸರಿಯಿರಲಿಲ್ಲ. ಆ ಕಂಪನಿಯ ಹೆಸರನ್ನು ಆ 300 ಬ್ಯಾಂಕುಗಳ ಪೈಕಿ ಎಷ್ಟು ಬ್ಯಾಂಕಿನ ನಿರ್ದೇಶಕರು ಕೇಳಿದ್ದಿರಬಹುದು!

ಹಾಗಾಗಿ ಮೊದಲ ಸಭೆಯಲ್ಲೇ ಕಂಪನಿಯವರ ಮುಂದೆ ಒಂದು ಖಾಲಿ ಹಾಳೆ ಇಡುತ್ತೇನೆ. ನಮ್ಮ ಒಬ್ಬ ಗ್ರಾಹಕನ ಹೆಸರು ಎಲ್ಲಿಂದ ಹೊರಟು ಯಾರ್‍ಯಾರನ್ನು ಹಾದು ಎಲ್ಲಿ ಕೂರುತ್ತದೆ, ಬರೆದು ತೋರಿಸಿ ಎನ್ನುತ್ತೇನೆ. ಮಾರಾಟದವರಿಗೆ ಇದು ಸಾಮಾನ್ಯವಾಗಿ ಆಗುವುದಿಲ್ಲ. ಎಂಜಿನಿಯರನ್ನು ಕರೆಸಬೇಕಾಗುತ್ತದೆ. ಕರೆಸಲಿ. ಚಿತ್ರ ಬರೆದು ಮುಗಿಸಲಾಗದ ಕಂಪನಿಗೆ ತನ್ನ ದಾರಿಯೇ ಗೊತ್ತಿಲ್ಲವೆಂದು ಲೆಕ್ಕ.

2. ಸರ್ಟಿಫಿಕೇಟಿನ ಫೋಟೊ ಸಾಲದು, ಒಳಗಿನ ಪುಟ ತರಿಸಿ

ಮಾಹಿತಿ ಸುರಕ್ಷತೆಯ ಐಎಸ್‌ಒ 27001 ಸರ್ಟಿಫಿಕೇಟಿನಲ್ಲಿ ಕಂಪನಿಯ ಹೆಸರು ದಪ್ಪಕ್ಷರದಲ್ಲಿರುತ್ತದೆ, ಅದರ ಕೆಳಗೆ ವ್ಯಾಪ್ತಿ ಎಂಬ ಸಣ್ಣ ಸಾಲಿರುತ್ತದೆ. ಆ ಸಣ್ಣ ಸಾಲೇ ಮುಖ್ಯ. ಆಸ್ಪತ್ರೆಯೊಂದಕ್ಕೆ ಬಂದಿದ್ದ ಸರ್ಟಿಫಿಕೇಟಿನ ವ್ಯಾಪ್ತಿಯಲ್ಲಿ ಇದ್ದದ್ದು ಆ ಕಂಪನಿಯ ಬೆಂಗಳೂರು ಕಚೇರಿಯ ತಂತ್ರಾಂಶ ಅಭಿವೃದ್ಧಿ ವಿಭಾಗ ಮಾತ್ರ. ರೋಗಿಗಳ ದಾಖಲೆ ಇಟ್ಟುಕೊಳ್ಳುವ ಹೋಸ್ಟಿಂಗ್ ಸೇವೆಯ ಹೆಸರೇ ಅಲ್ಲಿರಲಿಲ್ಲ. ಸುಳ್ಳು ಸರ್ಟಿಫಿಕೇಟೇನಲ್ಲ, ಅಪ್ಪಟ ನಿಜವಾದದ್ದೇ. ಆದರೆ ಆಸ್ಪತ್ರೆಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ವರ್ಷವನ್ನೂ ನೋಡಿ: 2013ರ ಆವೃತ್ತಿಯ ಸರ್ಟಿಫಿಕೇಟುಗಳಿಗೆ 2025ರ ಅಕ್ಟೋಬರ್ ಕೊನೆಗೆ ಮಾನ್ಯತೆ ಮುಗಿದಿದೆ, ಈಗ ಇರಬೇಕಾದದ್ದು 2022ರದು. ಡೇಟಾ ಸೆಂಟರಿನ 'ಟಿಯರ್ 3' ಮಾತಿಗೂ ಇದೇ ಪರೀಕ್ಷೆ. ಈ ದರ್ಜೆ ಕೊಡುವ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ನಕ್ಷೆಗೊಂದು, ಕಟ್ಟಿ ನಿಂತ ಕಟ್ಟಡಕ್ಕೊಂದು ಬೇರೆ ಬೇರೆ ಪ್ರಮಾಣಪತ್ರ ಕೊಡುತ್ತದೆ. ನಕ್ಷೆಯದ್ದನ್ನು ತೋರಿಸಿ ಕಟ್ಟಡದ್ದೆಂದು ಮಾತಾಡುವವರಿದ್ದಾರೆ.

ಸಾಕ್ 2 ಎಂಬುದನ್ನು ಎಲ್ಲರೂ ಸರ್ಟಿಫಿಕೇಟ್ ಎನ್ನುತ್ತಾರೆ. ಅದು ಸ್ವತಂತ್ರ ಲೆಕ್ಕಪರಿಶೋಧಕರು ಬರೆದ ವರದಿ, ಅನೇಕ ಸಲ ನೂರು ಪುಟ ಮೀರುತ್ತದೆ. ಟೈಪ್ 1 ಆದರೆ ಒಂದು ದಿನದ ಮಟ್ಟಿಗೆ ವ್ಯವಸ್ಥೆ ಹೇಗಿದೆ ಎಂದು ನೋಡಿ ಬರೆದದ್ದು. ಟೈಪ್ 2 ಆದರೆ ಕೆಲವು ತಿಂಗಳ ಕಾಲ ಆ ವ್ಯವಸ್ಥೆ ನಿಜಕ್ಕೂ ನಡೆಯಿತೇ ಎಂದು ಮಾದರಿ ತೆಗೆದು ಪರೀಕ್ಷಿಸಿದ್ದು. ಟೈಪ್ 2 ಕೇಳಿ, ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಪೂರ್ತಿ ತರಿಸಿಕೊಳ್ಳಿ. ಕೈಗೆ ಬಂದ ಮೇಲೆ ಮೊದಲ ಪುಟದಿಂದ ಶುರುಮಾಡಬೇಡಿ. ಹಿಂದಿನ ಭಾಗದಲ್ಲಿ ಪರೀಕ್ಷೆಗಳ ದೊಡ್ಡ ಕೋಷ್ಟಕ ಇರುತ್ತದೆ: ಎಡಕ್ಕೆ ನಿಯಮ, ನಡುವೆ ಪರೀಕ್ಷೆ ಮಾಡಿದ ವಿಧಾನ, ಬಲಕ್ಕೆ ಫಲಿತಾಂಶ. ಬಲಗಡೆಯ ಅಂಕಣದ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಾ ಬನ್ನಿ. 'ದೋಷ ಕಂಡುಬರಲಿಲ್ಲ' ಎಂದೇ ಪುಟಗಟ್ಟಲೆ ಸಾಗಿ ಎಲ್ಲೋ ಒಂದು ಕಡೆ ಬೇರೆ ಸಾಲು ಬರುತ್ತದೆ. ಕೆಲಸ ಬಿಟ್ಟು ಹೋದವರ ಲಾಗಿನ್ ಹೇಳಿದ ಅವಧಿಯಲ್ಲಿ ರದ್ದಾಗಿರಲಿಲ್ಲ ಎಂದೋ, ಬ್ಯಾಕಪ್ ಪರೀಕ್ಷೆ ಒಂದು ತ್ರೈಮಾಸಿಕದಲ್ಲಿ ನಡೆದಿಲ್ಲ ಎಂದೋ ಇರುತ್ತದೆ. ಅದಕ್ಕೆ ಕಂಪನಿ ಕೊಟ್ಟ ಉತ್ತರವನ್ನೂ ಹುಡುಕಿ ಓದಿ. ಒಂದೂ ದೋಷವಿಲ್ಲದ ವರದಿಗಿಂತ, ಎರಡು ಮೂರು ದೋಷವಿದ್ದು ಪ್ರತಿಯೊಂದಕ್ಕೂ ಯಾರು ಯಾವಾಗ ಏನು ಮಾಡಿದರೆಂದು ಬರೆದ ವರದಿ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ಅದೇ ವರದಿಯಲ್ಲಿ ಇನ್ನೊಂದು ಪಟ್ಟಿ ಇದೆ, ಅದನ್ನು ಓದಿದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ. 'ಇದೆಲ್ಲ ಭದ್ರವಾಗಿರಬೇಕಾದರೆ ಗ್ರಾಹಕ ಸಂಸ್ಥೆ ಇವಿಷ್ಟನ್ನು ಮಾಡಿರಬೇಕು' ಎಂಬ ಪಟ್ಟಿ. ಗ್ರಾಹಕ ಸಂಸ್ಥೆ ಎಂದರೆ ನೀವು.

3. ಕೀ ಯಾರ ಹೆಸರಲ್ಲಿದೆ?

ಬೆಳಗಾವಿ ಕಡೆಯ ಒಂದು ಸಹಕಾರಿಯಲ್ಲಿ ಕ್ಲೌಡ್ ಖಾತೆಯ ಮುಖ್ಯ ಲಾಗಿನ್ ಯಾರದೆಂದು ಕೇಳಿದೆ. "ಅದು ಸಾಫ್ಟ್‌ವೇರ್‌ನವರ ಕಡೇನ ಐತ್ರಿ ಸರ್, ನಮಗೇನ್ ಗೊತ್ತಾಗ್ತೈತ್ರಿ ಅದು" ಎಂದರು ಕಾರ್ಯದರ್ಶಿ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದೆವು. ಖಾತೆ ತೆರೆದದ್ದು ಅವರ ಒಬ್ಬ ಎಂಜಿನಿಯರಿನ ಸ್ವಂತ ಜಿಮೇಲ್‌ನಲ್ಲಿ, ಒಟಿಪಿ ಹೋಗುತ್ತಿದ್ದದ್ದು ಅವನ ಸ್ವಂತ ಮೊಬೈಲಿಗೆ. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಸಾವಿರಾರು ಸದಸ್ಯರ ಠೇವಣಿ, ಸಾಲದ ಲೆಕ್ಕವನ್ನು ಒಂದೇ ಏಟಿಗೆ ಅಳಿಸಬಲ್ಲ ಅಧಿಕಾರ ಸಹಕಾರಿಯಲ್ಲೂ ಇರಲಿಲ್ಲ, ಕಂಪನಿಯಲ್ಲೂ ಇರಲಿಲ್ಲ. ಅವನು ಒಳ್ಳೆಯವನಾಗಿದ್ದ, ಕರೆದಾಗ ಬಂದು ವರ್ಗಾಯಿಸಿಕೊಟ್ಟ.

ಮುಖ್ಯ ಲಾಗಿನ್ ತಪ್ಪು ಕೈಗೆ ಸಿಕ್ಕರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕತೆ ಇದೆ. 2014ರ ಜೂನ್‌ನಲ್ಲಿ ಯಾರೋ ಅದರ ಅಮೆಜಾನ್ ಕ್ಲೌಡ್ ಖಾತೆಯ ನಿಯಂತ್ರಣ ಪುಟಕ್ಕೆ ಲಗ್ಗೆಯಿಟ್ಟು ಹಣ ಕೇಳಿದರು. ಕಂಪನಿಯವರು ಪಾಸ್‌ವರ್ಡ್ ಬದಲಿಸಲು ಹೊರಟದ್ದು ಕಂಡು, ದಾಳಿಕೋರರು ಮೊದಲೇ ಮಾಡಿಟ್ಟುಕೊಂಡಿದ್ದ ಬೇರೆ ಲಾಗಿನ್‌ಗಳಿಂದ ಒಂದೊಂದನ್ನೇ ಅಳಿಸತೊಡಗಿದರು. ಬ್ಯಾಕಪ್ ಕೂಡ ಅದೇ ಖಾತೆಯೊಳಗೇ ಇತ್ತು. ಹೆಚ್ಚುಕಡಿಮೆ ಅರ್ಧ ದಿನದಲ್ಲಿ ಕಂಪನಿ ಬಾಗಿಲು ಹಾಕುವ ಸ್ಥಿತಿಗೆ ಬಂತು. ಅಮೆಜಾನ್‌ನ ಭದ್ರತೆಯಲ್ಲಿ ಒಂದು ಬಿರುಕೂ ಬಿದ್ದಿರಲಿಲ್ಲ. 2024ರಲ್ಲಿ ಸ್ನೋಫ್ಲೇಕ್ ಎಂಬ ಕ್ಲೌಡ್ ದತ್ತಾಂಶ ಸೇವೆ ಬಳಸುತ್ತಿದ್ದ ಸುಮಾರು 165 ಸಂಸ್ಥೆಗಳ ದತ್ತಾಂಶ ಅಪಾಯಕ್ಕೆ ಸಿಕ್ಕಿದ್ದೂ ಹೀಗೇ: ಕದ್ದ ಪಾಸ್‌ವರ್ಡ್ ಇತ್ತು, ಎರಡನೇ ಹಂತದ ದೃಢೀಕರಣ ಇರಲಿಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣದಲ್ಲಿ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೋಯಿತು, ಕಾರಣ ಬ್ಯಾಂಕಿನವರೇ ತಪ್ಪಾಗಿ ಸೆಟ್ ಮಾಡಿದ್ದ ಒಂದು ಫೈರ್‌ವಾಲ್. ಅಲ್ಲಿನ ಬ್ಯಾಂಕ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದ್ದು ಬ್ಯಾಂಕಿಗೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಹಾಗೇ ಹೇಳುತ್ತದೆ. ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದರೂ ಜನರಿಂದ ಮಾಹಿತಿ ಪಡೆದ ಸಂಸ್ಥೆಯೇ ಹೊಣೆ, ತಕ್ಕ ರಕ್ಷಣೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ.

ಸ್ಟ್ರಾಂಗ್ ರೂಮ್ ತೆರೆಯಲು ಮ್ಯಾನೇಜರ್ ಕೀ ಒಂದು, ಕ್ಯಾಶಿಯರ್ ಕೀ ಒಂದು ಬೇಕೆಂಬುದು ಯಾವ ಸಹಕಾರಿಗೂ ಹೇಳಿಕೊಡಬೇಕಾದ ಪಾಠವಲ್ಲ. ಕ್ಲೌಡ್ ಖಾತೆಗೂ ಅದನ್ನೇ ಮಾಡಿ. ಮುಖ್ಯ ಲಾಗಿನ್ ಸಂಸ್ಥೆಯ ಇಮೇಲಿನಲ್ಲಿರಲಿ. ಪಾಸ್‌ವರ್ಡ್ ಒಬ್ಬರ ಬಳಿ, ದೃಢೀಕರಣದ ಸಾಧನ ಇನ್ನೊಬ್ಬರ ಬಳಿ ಇರಲಿ. ದಿನನಿತ್ಯದ ಕೆಲಸಕ್ಕೆ ಕಂಪನಿಯವರಿಗೆ ಕಡಿಮೆ ಅಧಿಕಾರದ ಬೇರೆ ಲಾಗಿನ್ ಕೊಡಿ. ಇದಕ್ಕೆ ಒಪ್ಪದ ಕಂಪನಿಯ ಜತೆ ಮುಂದಿನ ಮಾತೇ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ.

4. ಬ್ಯಾಕಪ್ ಇದೆ ಅಂದರೆ, ವಾಪಸ್ ತಂದು ತೋರಿಸಿ ಅನ್ನಿ

2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಒವಿಎಚ್ ಎಂಬ ಕ್ಲೌಡ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು, ಪಕ್ಕದ್ದು ಅರೆಬರೆ ಸುಟ್ಟಿತು. ದುಡ್ಡು ಕೊಟ್ಟು ಬ್ಯಾಕಪ್ ಸೇವೆ ಪಡೆದಿದ್ದ ಕೆಲವರ ಬ್ಯಾಕಪ್ಪೂ ಅಲ್ಲೇ ಇತ್ತು, ಅದೂ ಹೋಯಿತು. ಕರಾರಿನಲ್ಲಿ ಬ್ಯಾಕಪ್ ಬೇರೆ ಜಾಗದಲ್ಲಿರುತ್ತದೆಂದು ಬರೆದಿದ್ದರಿಂದ 2023ರಲ್ಲಿ ಅಲ್ಲಿನ ನ್ಯಾಯಾಲಯ ಒಬ್ಬ ಗ್ರಾಹಕರಿಗೆ ಪರಿಹಾರ ಕೊಡಿಸಿತು. ಪರಿಹಾರ ಬಂತು, ಡೇಟಾ ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ್ದೇ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಗಾತ್ರ ಬಹಳ ದೊಡ್ಡದೆಂದು ಅದಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ.

ಬೆಂಕಿಯೇ ಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆಯನ್ನು ಗೂಗಲ್ ಕಡೆಯ ಒಂದು ಸೆಟ್ಟಿಂಗ್ ತಪ್ಪು ಅಳಿಸಿಹಾಕಿತು. ಎರಡು ಜಾಗದಲ್ಲಿ ಇಟ್ಟಿದ್ದ ಪ್ರತಿಗಳು ಒಂದೇ ಚಂದಾದಾರಿಕೆಯ ಕೆಳಗಿದ್ದವು, ಎರಡೂ ಒಟ್ಟಿಗೆ ಹೋದವು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಸೇವೆಗೆ ತೊಂದರೆಯಾಯಿತು. ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದದ್ದು ಅವರ ನೆರವಿಗೆ ಬಂತು. ಬ್ಯಾಕಪ್ ಬೇರೆ ಊರಲ್ಲಿದ್ದರೆ ಸಾಲದು, ಬೇರೆ ಲಾಗಿನ್ ಕೆಳಗೂ ಇರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪರೀಕ್ಷೆ ಮಾಡುವ ಬಗೆ ಇದು. ನಿನ್ನೆಯ ಬ್ಯಾಕಪ್ಪನ್ನು ಒಂದು ಖಾಲಿ ಸರ್ವರಿಗೆ ಇಳಿಸಲು ಕಂಪನಿಗೆ ಹೇಳಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಆಮೇಲೆ ಕಂಪ್ಯೂಟರಿನವರನ್ನು ಪಕ್ಕಕ್ಕೆ ಕೂರಿಸಿ ನಿಮ್ಮ ಅಕೌಂಟೆಂಟರನ್ನು ಕರೆಯಿರಿ. ನಿನ್ನೆಯ ಡೇ ಬುಕ್ಕಿನ ಮುಕ್ತಾಯದ ನಗದು, ಪಿಗ್ಮಿಯ ಒಟ್ಟು ಮೊತ್ತ, ಯಾವುದಾದರೂ ಹತ್ತು ಸಾಲದ ಖಾತೆಗಳ ಬಾಕಿ ತಾಳೆಯಾಗುತ್ತದೆಯೇ ಎಂದು ಅವರೇ ನೋಡಲಿ. ಒಂದು ಕಡೆ ಬ್ಯಾಕಪ್ ದಿನವೂ ತಪ್ಪದೆ ನಡೆದಿತ್ತು, ಫೈಲೂ ತೆರೆಯಿತು, ಆದರೆ ಅಡಮಾನದ ಚಿನ್ನದ ಫೋಟೊಗಳು, ಸಹಿ ಮಾಡಿದ ಪತ್ರಗಳ ಸ್ಕ್ಯಾನ್ ಒಂದೂ ಬರಲಿಲ್ಲ. ಅವು ಬೇರೆ ಫೋಲ್ಡರಿನಲ್ಲಿದ್ದವು, ಬ್ಯಾಕಪ್ ಪಟ್ಟಿಗೆ ಅದನ್ನು ಯಾರೂ ಸೇರಿಸಿರಲಿಲ್ಲ. ಅಕೌಂಟೆಂಟ್ ಮೇಡಂ ಒಂದು ಚಿನ್ನದ ಸಾಲದ ಖಾತೆ ತೆರೆದು ನೋಡಿದ್ದರಿಂದ ಸಿಕ್ಕಿತು. ಎಂಜಿನಿಯರಿನ ಕಣ್ಣಿಗೆ ಅದು ಬೀಳುತ್ತಿರಲಿಲ್ಲ.

5. ಒಂಬತ್ತುಗಳ ಲೆಕ್ಕ

ಶೇಕಡಾ 99.9 ಸೇವೆ ಎಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ನಿಂತರೂ ಮಾತು ತಪ್ಪಿದಂತಲ್ಲ. ಅದನ್ನೂ ಮೀರಿದರೆ ಸಾಮಾನ್ಯವಾಗಿ ಸಿಗುವುದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ. ನಿಮ್ಮ ಕೌಂಟರಿನ ಮುಂದೆ ಕಾದು ಹೋದ ಜನರ ನಷ್ಟ ಅದರಲ್ಲಿ ಸೇರಿರುವುದಿಲ್ಲ. ಈ ಅಂಕಿಯ ಮೇಲೆ ಚೌಕಾಸಿ ಮಾಡುತ್ತಾ ಸಮಯ ಕಳೆಯಬೇಡಿ. ಕ್ಲೌಡ್ ನಿಂತ ದಿನ ಪಾವತಿ, ಸ್ವೀಕೃತಿ ಹೇಗೆ ನಡೆಸುತ್ತೀರಿ ಎಂದು ಒಂದು ಪುಟ ಬರೆದಿಡಿ, ರಶೀದಿ ಪುಸ್ತಕ ಅಚ್ಚು ಹಾಕಿಸಿಡಿ.

6. ಕೆಟ್ಟ ಸುದ್ದಿಯನ್ನು ಹೇಗೆ ಹೇಳುತ್ತಾರೆ?

ನನ್ನ ಮಟ್ಟಿಗೆ ಒಂದು ಕಂಪನಿಯ ಯೋಗ್ಯತೆ ಹೆಚ್ಚು ಕಾಣುವುದು ಇಲ್ಲೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಕೈತಪ್ಪಿ ಅಸಲಿ ಡೇಟಾಬೇಸನ್ನೇ ಅಳಿಸಿದರು. ನೋಡಿದರೆ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆಯ ಮಾಹಿತಿ ಶಾಶ್ವತವಾಗಿ ಹೋಯಿತು. ಆ ಕಂಪನಿ ದುರಸ್ತಿಯನ್ನು ಎಲ್ಲರಿಗೂ ಕಾಣುವಂತೆ ನೇರಪ್ರಸಾರ ಮಾಡಿತು, ಏನು ತಪ್ಪಾಯಿತೆಂದು ಪೂರ್ತಿ ಬರೆದು ಹಾಕಿತು. ತಪ್ಪು ದೊಡ್ಡದೇ, ಆದರೂ ಅಂಥವರ ಜತೆ ವ್ಯವಹಾರ ಮಾಡಬಹುದು.

ಇನ್ನೊಂದು ಬದಿಯದನ್ನೂ ನೋಡಿ. 2023ರಲ್ಲಿ ಮೈಕ್ರೋಸಾಫ್ಟ್‌ನ 2016ರ ಒಂದು ಸಹಿ-ಕೀ ಕಳ್ಳರ ಕೈಸೇರಿತು, ಅವರು ಅಮೆರಿಕ ಸರ್ಕಾರದವರ ಇಮೇಲ್ ಓದಿಹೋದರು. ಪತ್ತೆ ಹಚ್ಚಿದ್ದು ಮೈಕ್ರೋಸಾಫ್ಟ್ ಅಲ್ಲ, ಅಲ್ಲಿನ ವಿದೇಶಾಂಗ ಇಲಾಖೆ. ಹೆಚ್ಚಿನ ಹಣ ಕೊಟ್ಟವರಿಗಷ್ಟೇ ಸಿಗುತ್ತಿದ್ದ ಲಾಗ್ ಆ ಇಲಾಖೆಯ ಬಳಿ ಇದ್ದುದರಿಂದ ಅದು ಸಾಧ್ಯವಾಯಿತು. ಕೀ ಹೇಗೆ ಹೋಯಿತೆಂದು ಸೆಪ್ಟೆಂಬರಿನಲ್ಲಿ ಕಂಪನಿ ಕೊಟ್ಟ ವಿವರಣೆಗೆ ಗಟ್ಟಿ ಆಧಾರವಿಲ್ಲವೆಂದು ಕಂಪನಿಯೇ ತಿದ್ದಿದ್ದು ಮುಂದಿನ ಮಾರ್ಚ್‌ನಲ್ಲಿ. ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2024ರ ಏಪ್ರಿಲ್‌ನಲ್ಲಿ ಹೊರಬಂದ ವರದಿಯಲ್ಲಿ ಇದನ್ನೆಲ್ಲ ಕಟುವಾಗಿ ಟೀಕಿಸಿತು. ಲಾಗ್‌ಗಳಿಗೆ ಬೇರೆ ದುಡ್ಡು ಕೇಳುವ ಕಂಪನಿಯ ಮುಂದೆ ಕೂತಾಗಲೆಲ್ಲ ನಾನು ಈ ಪ್ರಕರಣವನ್ನು ಹೇಳುತ್ತೇನೆ. ಯಾರು ಯಾವಾಗ ನಮ್ಮ ದಾಖಲೆ ತೆರೆದರು ಎಂದು ನೋಡುವುದು ಹೆಚ್ಚುವರಿ ಸೌಲಭ್ಯವಲ್ಲ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಕಂಪನಿಯೇ ನಿಮಗೆ ಮೂರು ದಿನ ಬಿಟ್ಟು ಹೇಳಿದರೆ ನೀವು ಏನು ಮಾಡುತ್ತೀರಿ? 'ಆದಷ್ಟು ಬೇಗ ತಿಳಿಸಲಾಗುವುದು' ಎಂಬ ಸಾಲು ಕರಾರಿನಲ್ಲಿ ಕಂಡರೆ ಹೊಡೆದುಹಾಕಿ, ಗಂಟೆಯ ಅಂಕಿ ಬರೆಸಿ. ಹೇಳುವುದು ಯಾರು, ಯಾರಿಗೆ, ರಾತ್ರಿ ಯಾವ ನಂಬರಿಗೆ ಎಂಬುದನ್ನೂ ಸೇರಿಸಿ.

7. ಸರ್ವರ್ ಯಾವ ಊರಲ್ಲಿದೆ, ಕಂಪನಿ ಯಾವ ಕಾನೂನಿನಡಿ ಇದೆ

ಇವೆರಡು ಬೇರೆ ಬೇರೆ. ಪಾವತಿಗೆ ಸಂಬಂಧಿಸಿದ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದೇ ಹೇಳಿದೆ. ದೊಡ್ಡ ಕ್ಲೌಡ್‌ಗಳಿಗೆಲ್ಲ ಈಗ ಭಾರತದಲ್ಲಿ ಒಂದಕ್ಕಿಂತ ಹೆಚ್ಚು ಕೇಂದ್ರಗಳಿವೆ, ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದ್, ಗೂಗಲ್‌ಗೆ ಮುಂಬೈ ಮತ್ತು ದೆಹಲಿ. ಹಾಗಾಗಿ ಇದನ್ನು ಪಾಲಿಸುವುದು ಕಷ್ಟವಲ್ಲ. ಆದರೆ ಸರ್ವರ್ ಮುಂಬೈಯಲ್ಲಿದ್ದ ಮಾತ್ರಕ್ಕೆ ಕಂಪನಿ ತನ್ನ ದೇಶದ ಕಾನೂನಿನಿಂದ ಹೊರಬರುವುದಿಲ್ಲ. 2018ರ ಅಮೆರಿಕದ ಕ್ಲೌಡ್ ಕಾಯ್ದೆಯಡಿ ಅಲ್ಲಿನ ಕಂಪನಿಗಳು ಬೇರೆ ದೇಶದಲ್ಲಿಟ್ಟ ಮಾಹಿತಿಯನ್ನೂ ಕಾನೂನುಬದ್ಧ ಆದೇಶ ಬಂದರೆ ಕೊಡಬೇಕಾಗುತ್ತದೆ. ತನ್ನ ದೇಶದ್ದಲ್ಲದ ಕಾನೂನೂ ಕಂಪನಿಯ ಕೈ ಕಟ್ಟಬಹುದು. 2025ರ ಜುಲೈನಲ್ಲಿ ಗುಜರಾತಿನಲ್ಲಿ ತೈಲಾಗಾರ ನಡೆಸುವ ನಯಾರಾ ಎನರ್ಜಿ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಿಗೇ ಮೈಕ್ರೋಸಾಫ್ಟ್ ಅದರ ಸೇವೆಗಳನ್ನು ನಿಲ್ಲಿಸಿತು. ದುಡ್ಡು ಕಟ್ಟಿದ್ದರು, ಕಂಪನಿ ನೋಂದಣಿಯಾದದ್ದು ನಮ್ಮ ದೇಶದಲ್ಲೇ, ಆದರೂ ಇಮೇಲ್ ತೆರೆಯಲಿಲ್ಲ. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ಜಿಲ್ಲಾ ಮಟ್ಟದ ಒಂದು ಸಹಕಾರಿಗೆ ಇಂಥದ್ದು ಬರುವ ಸಂಭವ ಕಡಿಮೆ. ಆದರೆ ಸೇವೆ ನಿಲ್ಲಿಸುವ ಮೊದಲು ಎಷ್ಟು ದಿನದ ನೋಟಿಸ್ ಕೊಡಬೇಕು ಎಂಬ ಷರತ್ತು ಎಲ್ಲರಿಗೂ ಬೇಕು.

8. ಹೊರಬರುವ ಬಾಗಿಲನ್ನು ಒಳಹೋಗುವಾಗಲೇ ನೋಡಿ

2013ರ ಸೆಪ್ಟೆಂಬರಿನಲ್ಲಿ ನಿರ್ವಾನಿಕ್ಸ್ ಎಂಬ ಅಮೆರಿಕದ ಕ್ಲೌಡ್ ಸಂಗ್ರಹ ಕಂಪನಿ ಮುಚ್ಚುತ್ತಿದ್ದೇವೆ ಎಂದಾಗ ಗ್ರಾಹಕರಿಗೆ ಮೊದಲು ಕೊಟ್ಟದ್ದು ಸುಮಾರು ಎರಡು ವಾರ. ಅಷ್ಟರಲ್ಲಿ ತಮ್ಮ ಡೇಟಾವನ್ನೆಲ್ಲ ಹೊತ್ತೊಯ್ಯಬೇಕಿತ್ತು. ನಮ್ಮಲ್ಲಿ ಕಾಣುವ ತೊಂದರೆ ಇನ್ನೂ ಸಣ್ಣದು, ಇನ್ನೂ ಸಾಮಾನ್ಯವಾದದ್ದು. ಕರಾರು ಮುಗಿದಾಗ ಸಾಫ್ಟ್‌ವೇರ್ ಕಂಪನಿ ಡೇಟಾ ಕೊಡುತ್ತದೆ, ಆದರೆ ಸಾವಿರಾರು ಪುಟದ ಪಿಡಿಎಫ್ ರೂಪದಲ್ಲಿ. ಅದನ್ನು ಹೊಸ ಸಾಫ್ಟ್‌ವೇರಿಗೆ ಏರಿಸಬೇಕಾದರೆ ಮತ್ತೆ ಕೂತು ಟೈಪ್ ಮಾಡಬೇಕು. ಡೇಟಾವನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ ಕೊಡುತ್ತಾರೆ, ಕೊಟ್ಟ ಮೇಲೆ ತಮ್ಮಲ್ಲಿದ್ದ ಪ್ರತಿಯನ್ನು ಅಳಿಸಿದ್ದಕ್ಕೆ ಏನು ಬರಹ ಕೊಡುತ್ತಾರೆ ಎಂಬುದು ಮೊದಲ ಸಹಿಗೆ ಮುಂಚೆಯೇ ತೀರ್ಮಾನವಾಗಬೇಕು. ಸಹಿ ಬಿದ್ದ ಮೇಲೆ ಆ ಮಾತಿಗೆ ಕಂಪನಿ ಕಿವಿಗೊಡುವುದಿಲ್ಲ.

9. ಪ್ರಶ್ನಾವಳಿ ಚಿಕ್ಕದಿರಲಿ

ಇನ್ನೂರು ಪ್ರಶ್ನೆಯ ಎಕ್ಸೆಲ್ ಕಳಿಸಿದರೆ ಇನ್ನೂರಕ್ಕೂ 'ಹೌದು' ಎಂದು ಬರುತ್ತದೆ. ಕಳಿಸಿದವರೂ ಓದುವುದಿಲ್ಲ, ತುಂಬಿದವರೂ ಓದಿರುವುದಿಲ್ಲ. ಹತ್ತು ಪ್ರಶ್ನೆ ಕೇಳಿ, ಪ್ರತಿ ಉತ್ತರಕ್ಕೂ ಒಂದು ಪುರಾವೆ ಕೇಳಿ. ದೊಡ್ಡ ನಗರ ಸಹಕಾರಿ ಬ್ಯಾಂಕುಗಳನ್ನೂ ಸೇರಿಸಿ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ಐಟಿ ಹೊರಗುತ್ತಿಗೆ ನಿರ್ದೇಶನದಲ್ಲಿ ಕ್ಲೌಡ್ ಬಗ್ಗೆಯೇ ಒಂದು ಅನುಬಂಧವಿದೆ. ಅದು ನಿಮಗೆ ಕಡ್ಡಾಯವಲ್ಲದಿದ್ದರೂ ಪ್ರಶ್ನೆಗಳನ್ನು ಅಲ್ಲಿಂದಲೇ ಆರಿಸಿಕೊಳ್ಳಿ, ಹೊಸದಾಗಿ ಹೊಸೆಯುವ ಶ್ರಮ ಬೇಡ.

10. ಪ್ರತಿ ವರ್ಷವೂ ಇದೇ ಕೆಲಸ

ಕಂಪನಿ ಮಾರಾಟವಾಗಿರಬಹುದು, ಹಳೆಯ ಎಂಜಿನಿಯರುಗಳು ಹೋಗಿರಬಹುದು, ನಿಮಗೆ ಹೇಳದೆ ಎಸ್‌ಎಂಎಸ್‌ನವರನ್ನು ಬದಲಿಸಿರಬಹುದು. ನಾನು ಸಲಹೆ ಕೊಡುವ ಸಂಸ್ಥೆಗಳಲ್ಲಿ ನವೀಕರಣದ ಹಿಂದಿನ ತಿಂಗಳು ಕಂಪನಿಯಿಂದ ಮೂರು ಕಾಗದ ತರಿಸುತ್ತೇವೆ: ನಮ್ಮ ಖಾತೆಗೆ ಲಾಗಿನ್ ಇರುವ ಪ್ರತಿಯೊಬ್ಬರ ಹೆಸರಿನ ಪಟ್ಟಿ, ಈ ವರ್ಷ ಬ್ಯಾಕಪ್ ವಾಪಸ್ ತಂದ ದಿನಾಂಕ ಹಾಗೂ ಹಿಡಿದ ಸಮಯ, ಮೊದಲ ಸಭೆಯಲ್ಲಿ ಬರೆದ ಆ ದಾರಿಯ ಚಿತ್ರ ಈಗ ಹೇಗಿದೆಯೋ ಹಾಗೆ. ಪಟ್ಟಿಯ ಒಂದೊಂದು ಹೆಸರನ್ನೂ ಓದಿ ಇವರು ಯಾರು, ಇವರಿಗೆ ಲಾಗಿನ್ ಏಕೆ ಎಂದು ಕೇಳುತ್ತೇವೆ. ಉತ್ತರ ಸಿಗದ ಹೆಸರನ್ನು ಅಲ್ಲೇ, ನಮ್ಮ ಕಣ್ಣೆದುರೇ ತೆಗೆಸುತ್ತೇವೆ. ಚೆಕ್ಕಿಗೆ ಸಹಿ ಬೀಳುವುದು ಆಮೇಲೆ.